ರಾತ್ರಿ ನಿಲ್ಲುವ ಹಳೇ ಸೈಕೋ 5: ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಹೀಗೆ

ದಿನಾ ಬೆಳಿಗ್ಗೆ ಎಚ್‌ಎಂಟಿ ಜನತಾಕ್ಕೆ ಕೀ ಕೊಟ್ಟು ರೂಢಿಯಾದವರು ಕೈಯ ಅಲುಗಾಟದಿಂದಲೇ ಸುತ್ತಿಕೊಳ್ಳುವ ಆಟೋಮ್ಯಾಟಿಕ್ ವಾಚು ಸೈಕೋ 5ಕ್ಕೂ ಹಾಗೇ ಕೀ ಕೊಡಲು ಹೋಗುತ್ತಾರೆ. ಕೀ ಸುಮ್ಮನೆ ತಿರುಗುತ್ತದೆ, ಹಿಡಿತವೇ ಸಿಗುವುದಿಲ್ಲ. ಅದು ದೋಷವಲ್ಲ. ಸೈಕೋ 5ರೊಳಗೆ ಇರುವ 6309ಎ, 7009ಎ, 1996ರಲ್ಲಿ ಬಂದ 7ಎಸ್26 ಮೆಷಿನ್‌ಗಳಿಗೆ ಕೈಯಿಂದ ಕೀ ಕೊಡುವ ವ್ಯವಸ್ಥೆಯೇ ಇಲ್ಲ. ವಾಚನ್ನು ಅಡ್ಡ ಹಿಡಿದು ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಆಡಿಸಿದರೆ ಹೊರಡುತ್ತದೆ.

ಯಾವ ಮೆಷಿನ್ ಎಂಬುದು ಹಿಂಬದಿ ಮುಚ್ಚಳದಲ್ಲೇ ಇದೆ: ಅಲ್ಲಿನ ನಂಬರಿನಲ್ಲಿ ಅಡ್ಡಗೆರೆಗೆ ಮುಂಚಿನ ನಾಲ್ಕು ಅಕ್ಷರ ಮೆಷಿನ್ನಿನದು, ನಂತರದ್ದು ಕೇಸಿನದು. ಆರಂಕಿಯ ಸೀರಿಯಲ್‌ನಲ್ಲಿ ಮೊದಲನೆಯದು ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಒಳಗಿನ ಮೆಷಿನ್ನಿನ ಮೇಲೂ ನಂಬರ್ ಇರುತ್ತದೆ. ಅದು ಮುಚ್ಚಳದ ನಂಬರಿಗೆ ಹೊಂದದಿದ್ದರೆ ಎರಡು ಮೂರು ವಾಚು ಸೇರಿಸಿ ಕಟ್ಟಿದ್ದು ಎಂದೇ ತಿಳಿಯಿರಿ.

ಸಂಜೆ ಬಿಚ್ಚಿಟ್ಟ ವಾಚು ಬೆಳಗಿನ ಜಾವಕ್ಕೆ ನಿಂತರೆ ಕೂಡಲೇ ಮೇನ್ ಸ್ಪ್ರಿಂಗ್ (ವಾಚನ್ನು ಓಡಿಸುವ ಸುರುಳಿ) ಬದಲಿಸಬೇಡಿ. ಮುಚ್ಚಳ ತೆಗೆದು ರೋಟರನ್ನು (ಕೈ ಆಡಿದಂತೆ ತಿರುಗುವ ಅರ್ಧಚಂದ್ರಾಕಾರದ ತೂಕ) ಪಕ್ಕಕ್ಕೆ ಸರಿಸಿ, ಮೇನ್ ಸ್ಪ್ರಿಂಗ್ ಡಬ್ಬಿಯ ಮೇಲಿರುವ ರ‍್ಯಾಚೆಟ್ ಚಕ್ರದ ಸ್ಕ್ರೂವನ್ನು ಪ್ರದಕ್ಷಿಣವಾಗಿ ಏಳೆಂಟು ಸುತ್ತು ತಿರುಗಿಸಿ. ಸ್ಕ್ರೂಡ್ರೈವರ್ ಬಾಯಿ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರಬೇಕು. ಜಾರಿದರೆ ಪಕ್ಕದ, ಕೂದಲೆಳೆಯಂಥ ಹೇರ್ ಸ್ಪ್ರಿಂಗ್ ಹೋಯಿತೆಂದೇ ಲೆಕ್ಕ. ಪೂರ್ತಿ ಸುತ್ತಿದ ವಾಚನ್ನು ಡಯಲ್ ಮೇಲೆ ಮಾಡಿ ಅಲುಗಿಸದೆ ಇಡಿ. 40 ಗಂಟೆಯ ಆಸುಪಾಸು ಓಡಿದರೆ ಸ್ಪ್ರಿಂಗೂ ಚಕ್ರಗಳೂ ಚೆನ್ನಾಗಿವೆ. ಶಕ್ತಿ ತುಂಬುವ ಭಾಗದಲ್ಲಿ ತೊಂದರೆ. ಅಥವಾ ವಾಚು ಕಟ್ಟುವವರ ಕೈಯೇ ಹೆಚ್ಚು ಆಡುತ್ತಿಲ್ಲ: ಇಡೀ ದಿನ ಮೇಜಿನ ಮುಂದೆ ಕೂರುವವರಿಗೆ, ವಯಸ್ಸಾದವರಿಗೆ ಇದು ಸಾಮಾನ್ಯ. ಹತ್ತು ಹನ್ನೆರಡು ಗಂಟೆಗೇ ನಿಂತರೆ ಎಣ್ಣೆ ಒಣಗಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಆಗ ಪೂರ್ತಿ ಸರ್ವೀಸೇ ಬೇಕು.

ಶಕ್ತಿ ತುಂಬುವ ಭಾಗಕ್ಕೆ ಸೈಕೋ ಇಟ್ಟ ಹೆಸರು ಮ್ಯಾಜಿಕ್ ಲಿವರ್, 1959ರದ್ದು. ಇಷ್ಟು ಕಡಿಮೆ ಬಿಡಿಭಾಗಗಳಲ್ಲಿ ಇಷ್ಟು ಚೆಂದದ ಕೆಲಸ ಅಪರೂಪ. ರೋಟರ್ ತಿರುಗಿದಾಗ ಅದರ ಜೊತೆಗಾರ ಚಕ್ರದ ಮೇಲಿನ, ಮಧ್ಯದಿಂದ ಸರಿದ ಗೂಟವೊಂದು ಕವಲೊಡೆದ ತೆಳ್ಳನೆ ಲಿವರನ್ನು ಹಿಂದೆ ಮುಂದೆ ಎಳೆದಾಡುತ್ತದೆ. ಕವಲಿನ ಒಂದು ಕೊಂಡಿ ಹಲ್ಲಿನ ಚಕ್ರವನ್ನು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ರೋಟರ್ ಎತ್ತ ತಿರುಗಿದರೂ ಹಲ್ಲಿನ ಚಕ್ರ ಒಂದೇ ಕಡೆಗೆ ಸಾಗುತ್ತದೆ. ಭೂತಗನ್ನಡಿ ಹಿಡಿದು ರೋಟರನ್ನು ನಿಧಾನ ತಿರುಗಿಸಿ ನೋಡಿ: ಲಿವರ್ ಹೋಗುವಾಗಲೂ ಬರುವಾಗಲೂ ಚಕ್ರ ಮುಂದೆ ಸರಿಯಬೇಕು. ಒಂದೇ ಸಲ ಸರಿದರೆ ಒಂದು ಕೊಂಡಿ ಹಲ್ಲಿಗೆ ಕೂರುತ್ತಿಲ್ಲ. ಬಹುಪಾಲು ಇದಕ್ಕೆ ಕಾರಣ ಯಾರೋ ಹಾಕಿದ ಎಣ್ಣೆ. ಕೊಂಡಿಗಳು ತಮ್ಮದೇ ಸ್ಪ್ರಿಂಗ್‌ತನದಿಂದ ಹಲ್ಲಿಗೆ ಒತ್ತಿಕೊಳ್ಳುತ್ತವೆ. ಅಂಟಾದ ಎಣ್ಣೆ ಅದನ್ನೇ ಕೊಲ್ಲುತ್ತದೆ. ಕೊಂಡಿಯ ತುದಿ ಒಣಗಿರಲಿ. ಮುಚ್ಚಳದ ಒಳಮೈಯಲ್ಲಿ ವೃತ್ತಾಕಾರದ ಗೀರುಗಳಿದ್ದರೆ ರೋಟರ್ ಸ್ಕ್ರೂ ಸಡಿಲ, ಇಲ್ಲವೇ ಬೇರಿಂಗ್ ಸವೆದಿದೆ.

ಇನ್ನು ನಮ್ಮ ಮಳೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೇ ವಾಚಿನ ಗಾಜಿನೊಳಗೆ ಮಂಜು ಕಟ್ಟುವುದು ಮಾಮೂಲು. ನೀರು ನುಗ್ಗುವುದು ಹೆಚ್ಚಾಗಿ ಕೀ ಕಡೆಯಿಂದ, ಆದ್ದರಿಂದ ತುಕ್ಕು ಮೊದಲು ಹಿಡಿಯುವುದೂ ಕೀಯ ಸರಳಿಗೆ. ಮಂಜು ಕಂಡ ವಾಚನ್ನು ಬಚ್ಚಲೊಲೆ ಪಕ್ಕ ಇಡಬೇಡಿ: ನೀರು ಆವಿಯಾಗಿ ಮೆಷಿನ್ನಿನ ಮೇಲೇ ಮತ್ತೆ ಹನಿಯುತ್ತದೆ. ಅಕ್ಕಿ ಡಬ್ಬಿಯಲ್ಲೂ ಹುದುಗಿಸಬೇಡಿ, ತೌಡು ಒಳಸೇರುತ್ತದೆ. ಅದೇ ದಿನ ಮುಚ್ಚಳ ತೆಗೆಸಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಚಪ್ಪಟೆಯಾದ ಅಥವಾ ಡಾಂಬರಿನಂತೆ ಅಂಟುವ ಹಳೇ ರಬ್ಬರ್ ವಾಷರ್ ಮತ್ತೆ ಹಾಕದೆ, ಅದೇ ಅಳತೆಯ ಹೊಸದಕ್ಕೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಮಳೆ ಹೊಯ್ಯುವಾಗ ಮುಚ್ಚಿದರೆ ಒದ್ದೆ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ. ಹೊಳವಾದ ಮಧ್ಯಾಹ್ನಕ್ಕೆ ಕಾದು ಮುಚ್ಚಿ.