ಎ5 ನೋಡಿ ಮರುಳಾಗಬೇಡಿ: ಜಪಾನಿನಲ್ಲಿ ಮನೆ ಅಡುಗೆಗೆ ವಾಗ್ಯು ಕೊಳ್ಳುವವರಿಗೆ

ಟೋಕಿಯೊಗೆ ಬಂದ ಮೊದಲ ಚಳಿಗಾಲ. ಸಂಬಳ ಬಿದ್ದ ಸಂಜೆ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಗೆ ಹೋಗಿ ಮುನ್ನೂರು ಗ್ರಾಂ ಎ5 ಸರ್ಲಾಯಿನ್ ಕೊಂಡೆ. ಅಂದರೆ ವಾಗ್ಯು ಎಂಬ ಜಪಾನಿನದೇ ತಳಿಯ ದನದ, ಅತಿ ಮೇಲಿನ ಗ್ರೇಡಿನ ಬೆನ್ನಿನ ಮಾಂಸ. ಎಂಟು ಸಾವಿರ ಯೆನ್ ಚಿಲ್ಲರೆ ಆಯಿತು. ಮನೆಗೆ ತಂದು ಮಂಗಳೂರಿನಲ್ಲಿ ಅಮ್ಮ ಮಾಡುವ ಹಾಗೆಯೇ ತುಂಡು ಮಾಡಿ, ಹುರಿದ ಮಸಾಲೆ, ಕಾಯಿತುರಿ ಹಾಕಿ ಸುಕ್ಕಕ್ಕೆ ಇಟ್ಟೆ. ಅರ್ಧ ಗಂಟೆಯಲ್ಲಿ ಬಾಣಲೆಯೊಳಗೆ ಒಂದು ಸಣ್ಣ ಕೆರೆ ಎದ್ದಿತ್ತು. ತುಂಡುಗಳು ಕರಗಿ ಗೋಲಿಯಷ್ಟಾಗಿದ್ದವು. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ, "ಅಷ್ಟು ಎಣ್ಣೆ ಯಾಕೆ ಸುರಿದದ್ದು ಮಾರಾಯ್ತಿ?" ಎಂದರು. ನಾನು ಒಂದು ಚಮಚ ಎಣ್ಣೆಯನ್ನೂ ಹಾಕಿರಲಿಲ್ಲ.

ಹೊಸದಾಗಿ ಬಂದವರು ಅಷ್ಟು ದುಡ್ಡು ಕೊಟ್ಟು ಅದೇ ಪಾಠ ಕಲಿಯದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬೀಫ್ ತಿನ್ನದವರಿಗೆ ಇದರಲ್ಲಿ ಒಂದೇ ಒಂದು ಉಪಯೋಗದ ಮಾತಿದೆ, ಕೊಚ್ಚಿದ ಮಾಂಸದ ವಿಚಾರ. ಅದು ಕೆಳಗೆ ಬರುತ್ತದೆ.

ಮೊದಲು ಹೆಸರಿನ ಗೊಂದಲ. ಅಂಗಡಿಯ ಪ್ಯಾಕೆಟ್ ಮೇಲೆ ಎರಡು ಪದ ಕಾಣುತ್ತವೆ: 'ವಾಗ್ಯು' ಮತ್ತು 'ಕೊಕುಸಾನ್‌ಗ್ಯು'. ಎರಡನೆಯದರ ಅರ್ಥ ದೇಶದಲ್ಲಿ ಬೆಳೆದ ದನ, ಅಷ್ಟೇ. ಹಾಲಿನ ಹೋಲ್‌ಸ್ಟೀನ್ ತಳಿಯ ಗಂಡುಕರುವೂ ಆಗಬಹುದು, ಹೋಲ್‌ಸ್ಟೀನ್ ಮತ್ತು ವಾಗ್ಯು ಮಿಶ್ರತಳಿಯೂ ಆಗಬಹುದು. ವಾಗ್ಯು ಎನ್ನಬೇಕಾದರೆ ನಾಲ್ಕು ತಳಿಗಳಲ್ಲಿ ಒಂದಾಗಿರಬೇಕು (ಅಥವಾ ಆ ನಾಲ್ಕರ ನಡುವಿನ ಮಿಶ್ರಣ): ಕಪ್ಪು, ಕಂದು, ಶಾರ್ಟ್‌ಹಾರ್ನ್, ಕೊಂಬಿಲ್ಲದ್ದು. ಹುಟ್ಟಿದ್ದೂ ಬೆಳೆದದ್ದೂ ಜಪಾನಿನಲ್ಲೇ ಆಗಿರಬೇಕು. 2007ರಲ್ಲಿ ಕೃಷಿ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಹೀಗೆ ಹೇಳುವುದರಿಂದ ಆಸ್ಟ್ರೇಲಿಯಾದ 'ವಾಗ್ಯು'ವಿಗೆ ಇಲ್ಲಿಯ ಅಂಗಡಿಯಲ್ಲಿ ಆ ಹೆಸರಿಲ್ಲ. ಅಂದ ಹಾಗೆ, ಇವೂ ನಮ್ಮ ಹಳ್ಳಿಕಾರ್‌, ಅಮೃತಮಹಲ್‌ಗಳಂತೆ ಮೊದಲು ದುಡಿಯುವ ದನಗಳೇ. ಬಿಯರ್ ಕುಡಿಸುತ್ತಾರೆ, ದಿನವೂ ಮೈ ನೀವುತ್ತಾರೆ ಅನ್ನುವುದೆಲ್ಲ ಪ್ರವಾಸಿಗರಿಗೆ ಹೇಳುವ ಕತೆ.

ಕಾಂಜಿ, ಅಂದರೆ ಜಪಾನಿನ ಚಿತ್ರಾಕ್ಷರ, ಓದಲು ಬಾರದವರಿಗೆ ಒಂದು ಗುರುತು. ಎರಡು ಪದಗಳೂ 'ದನ' ಎಂಬ ಅಕ್ಷರದಲ್ಲಿ ಮುಗಿಯುತ್ತವೆ. ಮೊದಲ ಅಕ್ಷರ ನೋಡಿ. ಸುತ್ತ ನಾಲ್ಕೂ ಕಡೆ ಚೌಕ ಕಟ್ಟಿ ಒಳಗೆ ಏನೋ ಬರೆದಂತಿದ್ದರೆ ಅದು ಕೊಕುಸಾನ್. ಎಡಗಡೆ ಪೈರಿನಂಥ ಗೆರೆಗಳು, ಬಲಗಡೆ ಒಂದು ಪುಟ್ಟ ಖಾಲಿ ಚೌಕ ಇದ್ದರೆ ಅದು ವಾಗ್ಯು. ಒಂದು ವಾರ ಸೂಪರ್‌ಮಾರ್ಕೆಟ್‌ನಲ್ಲಿ ಹುಡುಕಿ ನೋಡಿದರೆ ಕಣ್ಣಿಗೆ ಕೂತುಬಿಡುತ್ತದೆ.

ಇನ್ನು ಗ್ರೇಡು. 'ಎ5' ಅನ್ನುವುದರಲ್ಲಿ 'ಎ'ಗೂ ನಿಮ್ಮ ನಾಲಿಗೆಗೂ ಸಂಬಂಧವೇ ಇಲ್ಲ. ಕಡಿದ ದನದ ಮೈಯಿಂದ ಮಾರಲು ಬರುವ ಮಾಂಸ ಎಷ್ಟು ಸಿಗುತ್ತದೆ ಎಂಬ ಲೆಕ್ಕ ಅದು; ನೂರಕ್ಕೆ 72 ಅಥವಾ ಅದಕ್ಕೂ ಮೇಲಾದರೆ ಎ, 69ರಿಂದ 72ರ ಒಳಗಾದರೆ ಬಿ, ಅದಕ್ಕೂ ಕೆಳಗೆ ಸಿ. ವ್ಯಾಪಾರಿಗೆ ಬೇಕಾದದ್ದು, ತಿನ್ನುವವರಿಗಲ್ಲ. 1ರಿಂದ 5ರವರೆಗಿನ ಅಂಕಿಯೇ ಗುಣಮಟ್ಟ. ಆರನೇ ಮತ್ತು ಏಳನೇ ಪಕ್ಕೆಲುಬಿನ ನಡುವೆ ಕೊಯ್ದು, ಮಾಂಸದೊಳಗಿನ ಕೊಬ್ಬಿನ ಎಳೆ, ಮಾಂಸದ ಬಣ್ಣ ಹೊಳಪು, ಗಟ್ಟಿತನ ಮತ್ತು ನಯ, ಕೊಬ್ಬಿನ ಬಣ್ಣ ಹೀಗೆ ನಾಲ್ಕನ್ನು ನೋಡುತ್ತಾರೆ. ನಾಲ್ಕರಲ್ಲಿ ಯಾವುದಕ್ಕೆ ಕಡಿಮೆ ಅಂಕವೋ ಅದೇ ಅಂತಿಮ. ಕೊಬ್ಬಿನ ಎಳೆಗೆ ಬೇರೆಯೇ ಒಂದು ಅಳತೆಯಿದೆ, ಬಿಎಂಎಸ್, 1ರಿಂದ 12ರವರೆಗೆ. ಎ5 ಅಂದರೆ 8ರಿಂದ 12ರವರೆಗೆ ಏನು ಬೇಕಾದರೂ ಆಗಬಹುದು. 8ಕ್ಕೂ 12ಕ್ಕೂ ಅಜಗಜಾಂತರ. ಆದರೆ ಸ್ಟಿಕರ್ ಒಂದೇ. ಎ4 ಅಂದರೆ 5ರಿಂದ 7, ಎ3 ಅಂದರೆ 3 ಮತ್ತು 4.

ಒಂದು ಮಾತು ಅಂಗಡಿಯವರು ಹೇಳುವುದಿಲ್ಲ. ಎ5 ಈಗ ಅಪರೂಪದ ವಸ್ತುವಲ್ಲ. ಕಪ್ಪು ತಳಿಯ ಎತ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎ5 ಗ್ರೇಡೇ ಸಿಗುತ್ತಿದೆ. ಕೊಬ್ಬಿನ ಎಳೆ ಹೆಚ್ಚಿಸುವುದಕ್ಕೇ ತಳಿ ಆರಿಸಿ ಬೆಳೆಸಿದ್ದರ ಫಲ. ಹಾಗಾಗಿ ಎ5 ಎಂದರೆ 'ಅತಿ ರುಚಿ' ಅಂತ ಓದಬೇಡಿ, 'ಅತಿ ಕೊಬ್ಬು' ಅಂತ ಓದಿ. ಅಲ್ಲಿಗೆ ನನ್ನ ಸುಕ್ಕ ಯಾಕೆ ಕೆರೆಯಾಯಿತು ಎಂಬುದಕ್ಕೆ ಉತ್ತರ ಸಿಕ್ಕಿತು.

ಊರಿನ ಹೆಸರುಗಳ ವಿಚಾರಕ್ಕೆ ಬಂದರೆ, ಕೋಬೆ, ಮತ್ಸುಸಾಕ, ಓಮಿ, ಯೊನೆಜಾವಾ, ಹಿದಾ ಇವೆಲ್ಲ ಒಂದೊಂದು ಸಂಘ ಹಾಕಿಕೊಂಡ ನಿಯಮಗಳ ಹೆಸರು. ಕೋಬೆಯದು ಬಿಗಿ: ಹ್ಯೋಗೊ ಪ್ರಾಂತ್ಯದಲ್ಲೇ ಹುಟ್ಟಿ ಬೆಳೆದ, ತಾಜಿಮಾ ಎಂಬ ವಂಶದ ಕಪ್ಪು ತಳಿಯ ದನ, ಬಿಎಂಎಸ್ 6ಕ್ಕೆ ಕಡಿಮೆ ಇರಬಾರದು. ಮತ್ಸುಸಾಕದಲ್ಲಿ ಕರು ಹಾಕದ ಹೆಣ್ಣು ಮಾತ್ರ. ಕರುವಾಗಿದ್ದಾಗ ಬೇರೆ ಪ್ರಾಂತ್ಯದಿಂದ ತಂದದ್ದಾದರೂ ಸರಿ, ಬೆಳೆದದ್ದು ಮತ್ಸುಸಾಕ ಪ್ರದೇಶದಲ್ಲೇ ಆಗಿರಬೇಕು. ಉಡುಗೊರೆಗೆ ಹೆಸರು ಬೇಕು, ಒಪ್ಪುತ್ತೇನೆ. ಮನೆಯಲ್ಲಿ ನೀವೇ ತಿನ್ನುವುದಾದರೆ ಕಾಗೋಶಿಮಾ, ಮಿಯಾಜಾಕಿಯ ಮಾಂಸಕ್ಕೆ ಅದೇ ಗ್ರೇಡಿನಲ್ಲಿ ಬೆಲೆ ಎಷ್ಟೋ ಕಡಿಮೆ.

ಈ ದೇಶದ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಹತ್ತು ಅಂಕಿಯ ಸಂಖ್ಯೆ. 2001ರ ಸೆಪ್ಟೆಂಬರಿನಲ್ಲಿ ಚಿಬಾ ಪ್ರಾಂತ್ಯದಲ್ಲಿ ಹುಚ್ಚು ದನದ ರೋಗ ಪತ್ತೆಯಾಗಿ ಜನ ಬೀಫ್ ಮುಟ್ಟದಂತಾದಾಗ, 2003ರಲ್ಲಿ ಕಾನೂನು ತಂದು ದೇಶದ ಪ್ರತಿ ದನದ ಕಿವಿಗೂ ಸಂಖ್ಯೆಯ ಓಲೆ ಹಾಕಿಸಿದರು. 2004ರ ಡಿಸೆಂಬರಿನಿಂದ ಅಂಗಡಿಯ ಪ್ಯಾಕೆಟ್ ಮೇಲೂ ಆ ಸಂಖ್ಯೆ ಬರಬೇಕು. ರಾಷ್ಟ್ರೀಯ ಪಶು ಸಂವರ್ಧನ ಕೇಂದ್ರದ ಜಾಲತಾಣದಲ್ಲಿ ಅದನ್ನು ಹೊಡೆದರೆ ಆ ದನದ ಜಾತಕವೇ ತೆರೆದುಕೊಳ್ಳುತ್ತದೆ. ಮೊನ್ನೆ ಅಂಗಡಿಯಲ್ಲೇ ನಿಂತು ಒಂದು ಪ್ಯಾಕೆಟ್ಟಿನದು ನೋಡಿದೆ. ಹುಟ್ಟಿದ ದಿನ, ಎತ್ತು, ಕಪ್ಪು ತಳಿ, ತಾಯಿಯ ಸಂಖ್ಯೆ. ಕೆಳಗೆ ಸಾಲು ಸಾಲಾಗಿ: ಕಾಗೋಶಿಮಾದಲ್ಲಿ ಜನನ, ಒಂಬತ್ತನೇ ತಿಂಗಳಲ್ಲಿ ಕರುಗಳ ಸಂತೆ, ಅಲ್ಲಿಂದ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರದ ಮಿಯಾಗಿ, ಮತ್ತೆ ಇಪ್ಪತ್ತು ತಿಂಗಳು ಕಳೆದು ಟೋಕಿಯೊದ ಶಿಬಾವುರಾ ಕಸಾಯಿಖಾನೆ. ಪ್ಯಾಕೆಟ್ ಮೇಲೆ ಮಾತ್ರ ಮಿಯಾಗಿ ಅಂತಷ್ಟೇ ಇತ್ತು. ತಳಿಯ ಸಾಲಿನಲ್ಲಿ ಹಾಲಿನ ದನದೊಂದಿಗಿನ ಮಿಶ್ರತಳಿ ಅಂತ ಬಂದರೆ ಅದು ವಾಗ್ಯು ಅಲ್ಲ ಎಂಬುದೂ ಇಲ್ಲೇ ಖಚಿತವಾಗುತ್ತದೆ. ಕೊಚ್ಚಿದ ಮಾಂಸಕ್ಕೆ, ದನದ ನಾಲಿಗೆಗೆ ಈ ಸಂಖ್ಯೆ ಇರುವುದಿಲ್ಲ.

ಕೊಚ್ಚಿದ ಮಾಂಸ ಅಂದೆನಲ್ಲ, ಜಾಗ್ರತೆ. 'ಐಬಿಕಿ' ಅಂತ ಮಾರುವುದು ದನ ಮತ್ತು ಹಂದಿ ಎರಡರ ಮಿಶ್ರಣ. ಮೊದಲ ಅಕ್ಷರ ಮಾಡಿನ ಕೆಳಗೆ ಪೆಟ್ಟಿಗೆ ಇಟ್ಟಂತಿರುತ್ತದೆ. ಹೋಟೆಲಿನ ಹ್ಯಾಂಬರ್ಗ್, ಅಂದರೆ ಕೊಚ್ಚಿದ ಮಾಂಸ ತಟ್ಟಿ ಹುರಿದದ್ದು, ಹೆಚ್ಚಾಗಿ ಇದರಲ್ಲೇ ಮಾಡಿದ್ದು. ಹಂದಿ ಬೇಡದ ಬ್ಯಾರಿ, ಭಟ್ಕಳದ ಸ್ನೇಹಿತರು, ದನ ಬೇಡದ ಕೊಡಗಿನವರು, ಇಬ್ಬರೂ ಇದನ್ನು ನೋಡಿಕೊಳ್ಳಬೇಕು. ಮಾಮೂಲಿ ಸೂಪರ್‌ಮಾರ್ಕೆಟ್‌ನ ವಾಗ್ಯು ಹಲಾಲ್ ಅಲ್ಲ. ಹಲಾಲ್ ವಾಗ್ಯು ಬೇಕಾದವರು ಟೋಕಿಯೊದ ಶಿನ್-ಓಕುಬೊ ಬಡಾವಣೆಯ ಹಲಾಲ್ ಅಂಗಡಿಗಳಲ್ಲಿ ಪ್ರಮಾಣಪತ್ರ ಕೇಳಿಯೇ ಕೊಳ್ಳಿ. ತೆಳು ಮಾಂಸ ಬೇಯಿಸುವ ಸುಕಿಯಾಕಿ ಅಡುಗೆಗೆ ಬಾಟಲಿಯಲ್ಲಿ ಬರುವ ಸಾಸಿನಲ್ಲಿ ಹೆಚ್ಚಾಗಿ ಮಿರಿನ್, ಸಾಕೆ ಎಂಬ ಅಕ್ಕಿಯ ಮದ್ಯ ಇರುತ್ತದೆಂಬುದೂ ನೆನಪಿರಲಿ. ಇನ್ನೊಂದು ಮೋಸ ಹೋಗುವ ಜಾಗ: ಅಗ್ಗದ ಮಾಂಸಕ್ಕೆ ಸೂಜಿಯಲ್ಲಿ ಕೊಬ್ಬು ತುಂಬಿಸಿ ಸ್ಟೀಕ್ ಅಂತ ಮಾರುತ್ತಾರೆ. ಹಾಗೆಂದು ಬರೆದೇ ಇರುತ್ತಾರೆ, ಆದರೆ ಸಣ್ಣ ಅಕ್ಷರದಲ್ಲಿ. ಬೆಲೆ ತೀರಾ ಕಡಿಮೆ, ಬಿಳಿ ಎಳೆ ಮಾತ್ರ ಹೇರಳ ಅಂತ ಕಂಡರೆ ಫೋನಿನ ಕ್ಯಾಮೆರಾದಲ್ಲಿ ಅನುವಾದ ಹಾಕಿ ನೋಡಿ.

ಎಲ್ಲಿ ಕೊಳ್ಳುವುದು? ಬೆಲೆ ಎಲ್ಲ ಕಡೆಯೂ 100 ಗ್ರಾಂ ಲೆಕ್ಕ, ಅದರ ಮೇಲೆ ಆಹಾರಕ್ಕಿರುವ 8% ತೆರಿಗೆ. ದೊಡ್ಡ ಅಕ್ಷರದ ಬೆಲೆ ಹೆಚ್ಚಾಗಿ ತೆರಿಗೆ ಸೇರಿಸದ್ದು. ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯಲ್ಲಿ ಆರಿಸಿಕೊಟ್ಟು, ಮನೆಗೆ ಎಷ್ಟು ಹೊತ್ತಿನ ದಾರಿ ಅಂತ ಕೇಳಿ, ಅಷ್ಟಕ್ಕೆ ತಕ್ಕ ಐಸ್ ಪೊಟ್ಟಣ ಇಟ್ಟು ಕಟ್ಟಿಕೊಡುತ್ತಾರೆ; ಆ ಉಪಚಾರದ ಬೆಲೆಯೂ ಮಾಂಸದಲ್ಲೇ ಸೇರಿದೆ. ನನ್ನ ಮೆಚ್ಚಿನ ಜಾಗ ಬೀದಿಯ ಮಾಂಸದಂಗಡಿ. ಕಾರೇ-ಯೊ ಅಂದರೆ ಕರಿಗೆ, ಸ್ಟೇಕಿ-ಯೊ ಅಂದರೆ ಸ್ಟೀಕಿಗೆ. 'ಇದಕ್ಕೆ ಬೇಕು' ಅಂತಷ್ಟೇ ಹೇಳಿದರೆ ಅಂಗಡಿಯ ಅಜ್ಜ ತುಂಡು, ದಪ್ಪ ಎರಡನ್ನೂ ಆತನೇ ತೀರ್ಮಾನಿಸುತ್ತಾನೆ. ಪ್ರತಿ ತಿಂಗಳ 29ಕ್ಕೆ ಹಲವು ಅಂಗಡಿಗಳಲ್ಲಿ ರಿಯಾಯಿತಿ: ಎರಡು 'ನಿ', ಒಂಬತ್ತು 'ಕು', ಸೇರಿದರೆ 'ನಿಕು', ಅಂದರೆ ಮಾಂಸ. ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಮುಚ್ಚುವ ಹೊತ್ತಿಗೆ ಬೆಲೆ ಇಳಿಸಿದ ಸ್ಟಿಕರ್ ಬೀಳುತ್ತದೆ. ಅಂಥದ್ದು ತಂದರೆ ಅವತ್ತೇ ಮಾಡಿ ಮುಗಿಸಿ.

ಸಂಬಳದವರಿಗೆ ಇನ್ನೊಂದು ದಾರಿ 'ಫುರುಸಾತೊ ನೋಜೆಯ್'. ನಿಮಗಿಷ್ಟವಾದ ಊರಿನ ಆಡಳಿತಕ್ಕೆ ದೇಣಿಗೆ ಕೊಡುತ್ತೀರಿ. ಮಿತಿಯೊಳಗಿದ್ದರೆ 2,000 ಯೆನ್ ಬಿಟ್ಟು ಉಳಿದದ್ದು ನಿಮ್ಮ ತೆರಿಗೆಯಲ್ಲಿ ವಜಾ ಆಗುತ್ತದೆ. ಆ ಊರು ದೇಣಿಗೆಯ 30% ಮೀರದ ಬೆಲೆಯ ಉಡುಗೊರೆ ಕಳಿಸುತ್ತದೆ. ಮಿಯಾಜಾಕಿಯ ಮಿಯಾಕೊನೊಜೊ ನಗರ ಮಾಂಸ, ಶೋಚು ಮದ್ಯ ಕಳಿಸಿಯೇ ದೇಶಕ್ಕೆಲ್ಲ ಹೆಸರಾಯಿತು. ಮಿತಿ ನಿಮ್ಮ ಆದಾಯದ ಮೇಲೆ ನಿಂತಿದೆ, ಮೊದಲು ಲೆಕ್ಕ ಹಾಕಿಕೊಳ್ಳಿ. ಐದು ಊರುಗಳಿಗೆ ಮೀರದಿದ್ದರೆ ತೆರಿಗೆ ಅರ್ಜಿ ಸಲ್ಲಿಸುವ ತಲೆನೋವಿಲ್ಲ, ಮುಂದಿನ ಜನವರಿ 10ರೊಳಗೆ ಒಂದು ಫಾರಂ ತಲುಪಿದರೆ ಸಾಕು. ಆದರೆ ವರ್ಷದ ಕೊನೆಗೆ ಊರಿಗೆ ವಾಪಸು ಹೊರಟವರು ಇದಕ್ಕೆ ಕೈ ಹಾಕಬೇಡಿ. ನಿವಾಸಿ ತೆರಿಗೆ ಬೀಳುವುದು ಜನವರಿ 1ಕ್ಕೆ ಇಲ್ಲಿ ವಾಸವಿರುವವರಿಗೆ. ನೀವು ಆಗ ಇಲ್ಲದಿದ್ದರೆ ವಜಾ ಮಾಡಲು ಆ ತೆರಿಗೆಯೇ ಇರುವುದಿಲ್ಲ, ದೇಣಿಗೆಯ ಬಹುಪಾಲು ನಿಜವಾಗಿಯೂ ದೇಣಿಗೆಯಾಗಿಬಿಡುತ್ತದೆ. ನಾನು ಮೊದಲ ಸಲ ತರಿಸಿದಾಗ ಒಂದೂವರೆ ಕಿಲೊ ಒಟ್ಟಿಗೇ ಬಂತು. ನಮ್ಮ ಫ್ರೀಜರಿನಲ್ಲಿ ಏನಿರುತ್ತದೆಂದು ನಿಮಗೆ ಗೊತ್ತು: ತೆಂಗಿನತುರಿ, ಕರಿಬೇವು, ಮತ್ತೆ ತೆಂಗಿನತುರಿ. ಆ ರಾತ್ರಿ ಪಕ್ಕದ ಮನೆಯವರಿಗೆಲ್ಲ ಹಂಚಿ ಒಳ್ಳೆಯವಳಾದೆ.

ಈಗ ಒಲೆಯ ಹತ್ತಿರ ಬನ್ನಿ. ಎ5 ಸ್ಟೀಕ್ ತಂದರೆ ಒಬ್ಬರಿಗೆ 100 ಗ್ರಾಂ ಧಾರಾಳ. ಮೂರನೇ ತುತ್ತಿಗೇ ಬಾಯಿ ಕಟ್ಟುತ್ತದೆ. ಬಾಣಲೆಗೆ ಎಣ್ಣೆ ಬೇಡ. ಮಾಂಸದ ಕೌಂಟರಿನಲ್ಲಿ ಪುಕ್ಕಟೆ ಇಟ್ಟಿರುವ ಬಿಳಿ ಕೊಬ್ಬಿನ ತುಂಡು ಒಂದನ್ನು ಉಜ್ಜಿದರೆ ಸಾಕು. ಮೇಲಿನ ನೀರು ಒರೆಸಿ, ಉಪ್ಪು ಹಚ್ಚಿ, ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಹಾಕಿ. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಒಂದೊಂದು ಬದಿಗೆ ಒಂದು ನಿಮಿಷ ಚಿಲ್ಲರೆ, ಆಮೇಲೆ ಇಳಿಸಿ ಎರಡು ಮೂರು ನಿಮಿಷ ಮುಟ್ಟಬೇಡಿ. ಮೇಲೆ ಊರಿಂದ ತಂದ ಕಾಳುಮೆಣಸು, ಆಗಷ್ಟೇ ಕುಟ್ಟಿದ್ದು. ಇಲ್ಲಿಯವರು ವಸಾಬಿ ಎಂಬ ಖಾರದ ಹಸಿರು ಪೇಸ್ಟ್ ಇಡುತ್ತಾರೆ, ಅದೂ ಕೊಬ್ಬನ್ನು ಚೆನ್ನಾಗಿ ಕತ್ತರಿಸುತ್ತದೆ. ಮಸಾಲೆ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹತ್ತಿರಕ್ಕೂ ಬರಬಾರದು.

ನಮ್ಮ ಅಡುಗೆಗೆ ಬೇಕಾದ ತುಂಡುಗಳೇ ಬೇರೆ. ಸಾರಿಗೆ 'ಸುನೆ', ಅಂದರೆ ಕಾಲಿನ ಮಾಂಸ; ಪ್ರೆಶರ್ ಕುಕ್ಕರಿನಲ್ಲಿ ನರ ಕರಗಿ ಸಾರು ಗಟ್ಟಿಯಾಗುತ್ತದೆ, ಬೆಲೆಯೂ ಸ್ಟೀಕಿನ ಕಾಲುಭಾಗ ಇರುವುದಿಲ್ಲ. ಚಿಲ್ಲಿಗೆ, ಬೇಗನೆ ಆಗುವ ಹುರಿದ ಅಡುಗೆಗೆ 'ಕಿರಿಒತೋಶಿ', ದೊಡ್ಡ ತುಂಡು ಕೊಯ್ದ ಮೇಲೆ ಉಳಿಯುವ ತೆಳು ಚೂರುಗಳು. ಒಳ್ಳೆಯ ವಾಗ್ಯುವಿನ ರುಚಿ ಕೈಗೆಟಕುವ ಬೆಲೆಗೆ ಸಿಗುವುದು ಇದರಲ್ಲೇ. ಸುಕ್ಕಕ್ಕೆ ನಾನೀಗ ಹುಡುಕುವುದು ಕುಮಾಮೊತೊದ 'ಅಕಾಉಶಿ', ಕಂದು ತಳಿ. ಕೊಬ್ಬು ಕಡಿಮೆ, ಎ2, ಎ3 ಗ್ರೇಡು, ಮಾಂಸಕ್ಕೆ ಮಾಂಸದ ರುಚಿ. ತೊಡೆಯ ಭಾಗ, 'ಮೊಮೊ', ಕೇಳಿ. ಅದು ಸಿಗದ ದಿನ ಹೋಲ್‌ಸ್ಟೀನ್ ಕೊಕುಸಾನ್‌ನಲ್ಲೇ ಮಾಡುತ್ತೇನೆ, ಅಮ್ಮನಿಗೆ ಫೋಟೊ ಕಳಿಸಲು ಅಳುಕಿಲ್ಲ.

ಮುಗಿದ ಮೇಲೆ ಬಾಣಲೆಯ ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಮೇಣದಂತೆ ಕಟ್ಟಿಕೊಳ್ಳುತ್ತದೆ. ಬಿಸಿ ಇರುವಾಗಲೇ ಎರಡು ಚಮಚ ಉಳಿಸಿ, ಬೆಳ್ಳುಳ್ಳಿ ಚೂರು ಕೆಂಪಗೆ ಮಾಡಿ, ತಣ್ಣಗಾದ ಅನ್ನ, ಒಂದು ಹಸಿಮೆಣಸು ಹಾಕಿ ಕೆದಕಿ. ಮಿಕ್ಕಿದ್ದನ್ನು ಪೇಪರಿನಲ್ಲಿ ಒರೆಸಿ ಸುಡುವ ಕಸಕ್ಕೆ. ಊರಿಗೆ ಹೋಗುವಾಗ ಒಂದು ಪ್ಯಾಕೆಟ್ ಒಯ್ಯೋಣ ಅನ್ನುವ ಯೋಚನೆ ಇದ್ದರೆ ಬಿಡಿ. ಭಾರತಕ್ಕೆ ಬೀಫ್ ತರುವಂತಿಲ್ಲ.