ರಾಣಿಯನ್ನು 24 ದಿನ ಕೂಡಿಹಾಕಿದ ಕತೆ

ಜೇನು ಪೆಟ್ಟಿಗೆ ಮುಂದೆ ಹುಲ್ಲಿನ ಮೇಲೆ ಒಂದು ಮರಿನೊಣ ತೆವಳುತ್ತಿತ್ತು. ಹಾರಲು ನೋಡುತ್ತದೆ, ಆಗುವುದಿಲ್ಲ. ಬೆರಳಿಗೆ ಹತ್ತಿಸಿಕೊಂಡು ನೋಡಿದೆ. ರೆಕ್ಕೆ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಸುರುಟಿಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಐದಾರು. ಹಾವೇರಿ ಕಡೆಯ ಮೆಕ್ಕೆಜೋಳದ ಹೊಲದ ಬದು ಅದು, ಸೆಪ್ಟೆಂಬರ್ ತಿಂಗಳು. ಮುಚ್ಚಳ ತೆಗೆದರೆ ಒಳಗೆ ಎಂಟು ಎರಿ (ಜೇನಿನ ಮೇಣದ ಹಲಗೆ) ತುಂಬ ಮರಿ, ನೊಣ ಕಿಕ್ಕಿರಿದಿವೆ. ಯಾರು ನೋಡಿದರೂ ಭರ್ಜರಿ ಕುಟುಂಬ ಅನ್ನಬೇಕು. ನಾನೂ ಹಾಗೇ ಅಂದುಕೊಂಡು ಮುಚ್ಚಿ ಬಂದೆ. ದೀಪಾವಳಿ ಹೊತ್ತಿಗೆ ಆ ಸಾಲಿನ 40 ಪೆಟ್ಟಿಗೆಯಲ್ಲಿ ಉಳಿದದ್ದು 22. ಉಳಿದವನ್ನು ಮುಗಿಸಿದ್ದು ವರೋವಾ ಎಂಬ ನುಸಿ, ಆ ಸುರುಟಿದ ರೆಕ್ಕೆ ಅದರದ್ದೇ ಗುರುತು.

ನಮ್ಮದು ಶಿರಸಿ ತಾಲೂಕು, ಅಡಿಕೆ ತೋಟ. ಜೇನು ಅಂದರೆ ಮನೆಯಲ್ಲಿ ಮೊದಲಿನಿಂದಲೂ ತುಡುವೆ, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಅಪ್ಪನ ಕಾಲದಲ್ಲಿ ಅಂಗಳದ ಸುತ್ತ ಹದಿನೈದು ಪೆಟ್ಟಿಗೆ ಇದ್ದವು. 1991–92ರ ಹೊತ್ತಿಗೆ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂತು. ಅದು ವೈರಸ್. ಮರಿ ತಲೆ ಮೇಲೆ ಮಾಡಿಕೊಂಡು, ನೀರು ತುಂಬಿದ ಚೀಲದ ಹಾಗೆ ಊದಿ ಸಾಯುತ್ತದೆ. ದಕ್ಷಿಣ ಭಾರತದ ಸಾಕಿದ ತುಡುವೆಯ ಬಹುಪಾಲು ಅದರಲ್ಲೇ ಹೋಯಿತು. ನಮ್ಮ ಪೆಟ್ಟಿಗೆಗಳು ಅಟ್ಟ ಸೇರಿದವು, ಅಮ್ಮ ಅದರಲ್ಲಿ ಹಳೆ ಪಾತ್ರೆ ತುಂಬಿಟ್ಟಳು. ಆಮೇಲೆ ಕಾಡಿನ ಪೊಟರೆಗಳಲ್ಲಿ ತಾವಾಗೇ ಬದುಕಿ ಉಳಿದ ಹಿಂಡುಗಳನ್ನು ತಂದು ಮತ್ತೆ ಸಾಕಿದೆವು. ಇವತ್ತು ನನ್ನ ಹತ್ತಿರ ಇರುವ ತುಡುವೆ ಆ ಉಳಿದವುಗಳ ಸಂತಾನ.

ತುಡುವೆ ಸಾಕಿದವನಿಗೆ ನುಸಿ ಅಂದರೆ ತೆಂಗಿನಕಾಯಿಗೆ ಬರುವ ನುಸಿ ಅಷ್ಟೆ. ಜೇನಿಗೆ ನುಸಿ ಬರುತ್ತದೆ ಎಂದು ನಾನು ತಲೆಕೆಡಿಸಿಕೊಂಡದ್ದು ಹೊರದೇಶದ ಮೆಲ್ಲಿಫೆರಾ ಜೇನು ತಂದ ಮೇಲೆ. ತಮಾಷೆ ನೋಡಿ, ಈ ವರೋವಾ ನುಸಿ ಮೂಲದಲ್ಲಿ ತುಡುವೆಯದ್ದೇ. ತುಡುವೆ ಅದರ ಜೊತೆ ಬಾಳುವುದನ್ನು ಕಲಿತಿದೆ. ಅಲ್ಲಿ ನುಸಿ ಮರಿ ಮಾಡುವುದು ಹೆಚ್ಚುಕಮ್ಮಿ ಗಂಡು ನೊಣದ ಕೋಣೆಯಲ್ಲಿ ಮಾತ್ರ. ತುಡುವೆಯ ಗಂಡು ಕೋಣೆಯ ಮುಚ್ಚಳ ನೋಡಿದ್ದೀರಲ್ಲ, ಗಟ್ಟಿಯಾಗಿ ಮೊನಚಾಗಿ, ನಡುವೆ ಸೂಜಿ ತೂತು ಇರುತ್ತದೆ. ನುಸಿ ಜಾಸ್ತಿಯಾಗಿ ಗಂಡುಮರಿ ಸೊರಗಿದರೆ ಆ ಮುಚ್ಚಳ ಒಡೆದು ಬರಲು ಅದಕ್ಕೆ ಶಕ್ತಿ ಸಾಲದು. ಕೆಲಸಗಾರ ನೊಣಗಳೂ ಅದನ್ನು ತೆರೆಯಲು ಹೋಗುವುದಿಲ್ಲ. ಮರಿಯ ಜೊತೆ ನುಸಿಯೂ ಒಳಗೇ ಸಮಾಧಿ. ಮೆಲ್ಲಿಫೆರಾಕ್ಕೆ ಈ ಬುದ್ಧಿ ಇಲ್ಲ. ಯುರೋಪಿನಿಂದ ಬಂದ ಅದನ್ನು ನಮ್ಮ ದೇಶದಲ್ಲಿ ನೆಲೆ ನಿಲ್ಲಿಸಿದ್ದೇ 1960ರ ದಶಕದಲ್ಲಿ, ಹಿಮಾಚಲದ ನಗ್ರೋಟಾದಲ್ಲಿ. ಅದರಲ್ಲಿ ನುಸಿ ಕೆಲಸಗಾರ ಮರಿಯ ಕೋಣೆಗೂ ನುಗ್ಗುತ್ತದೆ.

ನುಸಿ ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು: ಒಂದು ರಾಗಿ ಕಾಳನ್ನು ಒತ್ತಿ ಚಪ್ಪಟೆ ಮಾಡಿ. ಬಣ್ಣವೂ ಅದೇ, ಗಾತ್ರವೂ ಹತ್ತಿರ ಹತ್ತಿರ ಅದೇ. ಏಡಿಯ ಹಾಗೆ ಉದ್ದಕ್ಕಿಂತ ಅಗಲ ಜಾಸ್ತಿ. ಮರಿಯ ಕೋಣೆಗೆ ಮೇಣದ ಮುಚ್ಚಳ ಬೀಳುವ ಸ್ವಲ್ಪ ಮೊದಲು ಒಳಗೆ ಜಾರುತ್ತದೆ. ಮುಚ್ಚಳ ಬಿದ್ದು ಎರಡೂವರೆ ಮೂರು ದಿನಕ್ಕೆ ಮೊದಲ ಮೊಟ್ಟೆ ಇಡುತ್ತದೆ, ಅದು ಗಂಡು. ಆಮೇಲೆ ಸುಮಾರು 30 ಗಂಟೆಗೊಂದು ಹೆಣ್ಣು. ಮರಿನೊಣ ಹೊರಗೆ ಬರುವಾಗ ತಾಯಿ ನುಸಿ, ಬಲಿತ ಮಗಳು ಒಟ್ಟಿಗೇ ಹೊರಡುತ್ತವೆ. ಕೆಲಸಗಾರ ಮರಿ ಮುಚ್ಚಳದೊಳಗೆ 12 ದಿನ ಇರುತ್ತದೆ. ಆ 12 ದಿನ ನುಸಿಗೆ ಹೊರಗಿನ ಔಷಧಿ ಹೆಚ್ಚಿನದು ತಾಗುವುದಿಲ್ಲ. ಈ ಒಂದು ಲೆಕ್ಕ ನನ್ನ ತಲೆಗೆ ಹೋಗಲು ಮೂರು ವರ್ಷ ಬೇಕಾಯಿತು.

ಮೊದಲ ತಪ್ಪು ಸಕ್ಕರೆಯದ್ದು. ಜೂನ್ ಬಂದರೆ ನಮ್ಮಲ್ಲಿ ಮಳೆ ಹಿಡಿದು ಕೂರುತ್ತದೆ. ಮೆಲ್ಲಿಫೆರಾ ಈ ಥಂಡಿಯಲ್ಲಿ ಸೊರಗುತ್ತದೆ. ಹಾಗಾಗಿ ಪೆಟ್ಟಿಗೆಗಳನ್ನು ಹಾವೇರಿ ಕಡೆ ಇಳಿಸುತ್ತಿದ್ದೆ. ಅಲ್ಲಿ ಜುಲೈಯಲ್ಲಿ ಹೂ ಕಡಿಮೆ. ಕುಟುಂಬ ಸಣ್ಣದಾಗಬಾರದು ಎಂದು ತೆಳು ಸಕ್ಕರೆ ಪಾಕ ಕೊಟ್ಟೆ. ತೆಳು ಪಾಕ ಸಿಕ್ಕರೆ ಹೊರಗೆ ಮಕರಂದ ಬಂತು ಎಂದೇ ನೊಣ ತಿಳಿಯುತ್ತದೆ, ರಾಣಿ ಮೊಟ್ಟೆ ಇಡುತ್ತಾಳೆ. ಆಗಸ್ಟ್‌ನಲ್ಲಿ ಮೆಕ್ಕೆಜೋಳ ಸೂಲಂಗಿ ಹೊಡೆದರೆ ಪರಾಗಕ್ಕೆ ಬರವಿಲ್ಲ. ಎರಿ ತುಂಬ ಮರಿ. ನಾನು ಖುಷಿ, ನುಸಿ ನನಗಿಂತ ಖುಷಿ. ಅದೇ ಜುಲೈಯಲ್ಲಿ ಶಿರಸಿಯ ಮನೆಯ ತುಡುವೆ ಏನು ಮಾಡಿತ್ತು? ಪಾಕ ಇಲ್ಲ, ಹೂ ಇಲ್ಲ, ರಾಣಿ ಮೊಟ್ಟೆ ನಿಲ್ಲಿಸಿದ್ದಳು. ಒಂದು ಎರಿಯಲ್ಲಿ ಅಂಗೈಯಷ್ಟೂ ಮರಿ ಇರಲಿಲ್ಲ. ಅದು ಬಡತನ ಎಂದು ನಾನು ಮರುಗಿದ್ದೆ. ಮೆಲ್ಲಿಫೆರಾಕ್ಕೆ ಬೇಕಿದ್ದದ್ದು ಅದೇ ಬಡತನ.

ಎರಡನೇ ತಪ್ಪು ನಕಲು ಹೊಡೆದದ್ದು. ಜರ್ಮನಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ ಹಿತ್ತಲಲ್ಲಿ ಎರಡು ಪೆಟ್ಟಿಗೆ ಇಟ್ಟಿದ್ದಾನೆ. ಅಲ್ಲಿ ಜುಲೈ-ಆಗಸ್ಟ್‌ನಲ್ಲಿ ಜೇನು ತೆಗೆದ ಮೇಲೆ ಫಾರ್ಮಿಕ್ ಆಮ್ಲ, ಡಿಸೆಂಬರ್ ಚಳಿಯಲ್ಲಿ ಆಕ್ಸಾಲಿಕ್ ಆಮ್ಲ ಕೊಡುವ ಕ್ರಮ. ನಾನೂ ಡಿಸೆಂಬರ್‌ನಲ್ಲಿ ಗದಗ ಕಡೆಯ ಸೂರ್ಯಕಾಂತಿ ಹೊಲದಲ್ಲಿ ಅದನ್ನೇ ಮಾಡಿದೆ. 1 ಲೀಟರ್ ಸಕ್ಕರೆ ಪಾಕಕ್ಕೆ 35 ಗ್ರಾಂ ಆಕ್ಸಾಲಿಕ್, ಎರಡು ಎರಿಯ ನಡುವಿನ ಸಂದಿಗೆ 5 ಮಿ.ಲೀ. ಮಾರನೇ ದಿನ ಅಡಿ ಹಲಗೆಯ ಮೇಲೆ ಒಂದಷ್ಟು ನುಸಿ ಉದುರಿದವು. ಎರಡು ವಾರಕ್ಕೆ ಮತ್ತೆ ಅಷ್ಟೇ. ಅವನಿಗೆ ಫೋನ್ ಮಾಡಿ ಬೈದೆ. ಅವನು ಶಾಂತವಾಗಿ ಕೇಳಿದ, "ತಮಾ, ಮುಚ್ಚಿದ ಮರಿ ಇದ್ದಾ ಇಲ್ಯಾ ನೋಡಿದ್ಯಾ?"

ನನ್ನ ಪೆಟ್ಟಿಗೆಯಲ್ಲಿ ಆರು ಎರಿ ಮುಚ್ಚಿದ ಮರಿ ಇತ್ತು. ಅವನಲ್ಲಿ ಹೊರಗೆ ಹಿಮ, ರಾಣಿ ಮೊಟ್ಟೆ ನಿಲ್ಲಿಸಿ ವಾರಗಳೇ ಕಳೆದಿವೆ. ನುಸಿಗೆ ಅಡಗಲು ಕೋಣೆಯೇ ಇಲ್ಲ, ಎಲ್ಲವೂ ನೊಣದ ಮೈಮೇಲೆ. ಆಕ್ಸಾಲಿಕ್ ಕೆಲಸ ಮಾಡುವುದು ಮೈಮೇಲಿನ ನುಸಿಯ ಮೇಲೆ ಮಾತ್ರ. ಗದಗದ ಡಿಸೆಂಬರ್ ಅಂದರೆ ನೊಣಕ್ಕೆ ಹಬ್ಬದ ಕಾಲ. ತಿಂಗಳ ಹೆಸರು ಒಂದೇ, ಅಷ್ಟೆ.

ಫಾರ್ಮಿಕ್ ಆಮ್ಲದ ಕತೆ ಇನ್ನೂ ಕೆಟ್ಟದ್ದು. ಅದರ ಆವಿ ಮೇಣದ ಮುಚ್ಚಳದ ಒಳಗೂ ಹೋಗುತ್ತದೆ. ಅದೇ ಅದರ ದೊಡ್ಡ ಗುಣ. ಹುಡುಕಿ ಅಲೆಯಬೇಕಾಗಿಲ್ಲ, ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವುದು ಅದನ್ನೇ. ಘಟ್ಟದ ಕೆಳಗಿನ ರಬ್ಬರ್ ತೋಟದವರ ಮೂಲಕ ತರಿಸಿದೆ. ವಾಸನೆ ಥೇಟ್ ಚಗಳಿ ಇರುವೆ ಗೂಡು ಒಡೆದ ಹಾಗೆ. ಚಗಳಿ ಚಟ್ನಿ ತಿಂದವರಿಗೆ ಹೊಸದೇನಲ್ಲ. ಆದರೆ ನಾನು ಕೊಟ್ಟದ್ದು ಮಾರ್ಚ್ ಕೊನೆಯಲ್ಲಿ, ಬಯಲುಸೀಮೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮಧ್ಯಾಹ್ನ 38 ಡಿಗ್ರಿ. ಊಟ ಮುಗಿಸಿ ಬರುವಷ್ಟರಲ್ಲಿ ನೊಣಗಳು ಬಾಗಿಲಿಂದ ಹೊರಗೆ ಗಡ್ಡದ ಹಾಗೆ ಜೋತುಬಿದ್ದಿದ್ದವು. ಹೊಲದ ಗೌಡರು ಬಂದು ನಿಂತು, "ಏನ್ರೀ ಹೆಗಡೇರ, ಹುಳ ಎಲ್ಲ ಹೊರಗ ಕುಂತಾವಲ್ರೀ, ಸೆಕಿ ಆತೇನ್ರೀ?" ಎಂದರು. ಹೌದು ಎಂದೆ. ಮಾರನೇ ದಿನ ಮೂರು ಪೆಟ್ಟಿಗೆಯ ಬಾಗಿಲಲ್ಲಿ ರಾಣಿ ಸತ್ತು ಬಿದ್ದಿತ್ತು. ಸೆಕೆಗೆ ಆಮ್ಲ ಒಂದೇ ಸಲ ಆವಿಯಾಗಿ ಹೋಗುತ್ತದೆ. 30 ಡಿಗ್ರಿ ದಾಟುವ ದಿನಗಳಲ್ಲಿ ಈಗ ಅದನ್ನು ಮುಟ್ಟುವುದೇ ಇಲ್ಲ. ನನ್ನ ಎಡ ಮಣಿಕಟ್ಟಿನ ಮೇಲೆ ಅದರದ್ದೇ ಒಂದು ಸುಟ್ಟ ಕಲೆ ಇದೆ. ಕೈಗವಸು, ಕನ್ನಡಕ, ಪಕ್ಕದಲ್ಲಿ ಒಂದು ಕೊಡ ನೀರು ಇಲ್ಲದೆ ಬಾಟಲಿ ತೆರೆಯಬೇಡಿ.

ಈಗ ಫಾರ್ಮಿಕ್‌ಗೆ ನನ್ನ ಕಾಲ ಎಳ್ಳಮಾವಾಸ್ಯೆ ಆಸುಪಾಸು. ಸೂರ್ಯಕಾಂತಿಯ ಜೇನು ತೆಗೆದಾಗಿರುತ್ತದೆ, ಮೇಲಿನ ಜೇನು ಕೋಣೆ ಇಳಿಸಿರುತ್ತೇನೆ, ರಾತ್ರಿ ಚಳಿ ಇರುತ್ತದೆ. ಸಂಜೆ ಹೊತ್ತು 85 ಶೇಕಡಾದ್ದು 5 ಮಿ.ಲೀ. ಹತ್ತಿಗೆ ಹಾಕಿ, ಸಣ್ಣ ಬಾಟಲಿಯಲ್ಲಿ ಅಡಿ ಹಲಗೆಯ ಮೇಲೆ. ದಿನ ಬಿಟ್ಟು ದಿನ, ಐದು ಸಲ. ಬಾಗಿಲು ಪೂರ್ತಿ ತೆರೆದಿರಬೇಕು. ಜೇನು ತುಂಬುವ ಕಾಲದಲ್ಲಿ ಯಾವ ಆಮ್ಲವೂ ಬೇಡ. ಬೆಳೆಗೆ ಹೊಡೆಯುವ ಔಷಧಿಯಲ್ಲಿ ರಟ್ಟು ಅದ್ದಿ ಪೆಟ್ಟಿಗೆಗೆ ತೂಗುಹಾಕುವವರನ್ನೂ ಕಂಡಿದ್ದೇನೆ. ಅದು ಮೇಣದಲ್ಲಿ ಉಳಿಯುತ್ತದೆ, ಜೇನಿಗೂ ಬರುತ್ತದೆ. ಅಂಥ ಜೇನನ್ನು ನಾನು ಮಗುವಿಗೆ ನೆಕ್ಕಿಸುವುದಿಲ್ಲ.

ಇನ್ನು ಪಂಜರದ ವಿಷಯ. ನಮ್ಮ ಕಡೆ ಹಿಮ ಬೀಳುವುದಿಲ್ಲ, ಮರಿ ತಾನಾಗಿ ನಿಲ್ಲುವುದಿಲ್ಲ. ಹಾಗಾದರೆ ನಾನೇ ನಿಲ್ಲಿಸಬೇಕು. ಜುಲೈ ಮೊದಲ ವಾರ ರಾಣಿಯನ್ನು ಹುಡುಕಿ, ಕೆಲಸಗಾರ ನೊಣ ಮಾತ್ರ ನುಸುಳುವಷ್ಟು ಸಂದಿಯ ಪಂಜರದಲ್ಲಿ ಹಾಕಿ, ನಡು ಎರಿಯಲ್ಲಿ ಕೂರಿಸುತ್ತೇನೆ. ನೊಣಗಳು ಅವಳಿಗೆ ಉಣಿಸುತ್ತವೆ, ವಾಸನೆಯೂ ಕುಟುಂಬಕ್ಕೆ ಸಿಗುತ್ತದೆ. ಮೊಟ್ಟೆಗೆ ಮಾತ್ರ ಜಾಗ ಇಲ್ಲ. ಮೊಟ್ಟೆ ಇಟ್ಟ ದಿನದಿಂದ ಕೆಲಸಗಾರ ನೊಣ ಕೋಣೆಯಿಂದ ಹೊರಬರಲು 21 ದಿನ, ಗಂಡಿಗೆ 24. ಅದಕ್ಕೇ 24. ಅಷ್ಟು ದಿನ ತೆಳು ಪಾಕ ಬಂದ್. ಸಂಗ್ರಹ ಖಾಲಿಯಾದರೆ ಎರಡಕ್ಕೆ ಒಂದರ ಗಟ್ಟಿ ಪಾಕ, ಅದೂ ಹಸಿವಿಗೆ ಸಾಲುವಷ್ಟು. ಏಳೆಂಟನೇ ದಿನ ಒಮ್ಮೆ ಎರಿಗಳನ್ನೆಲ್ಲ ತಿರುವಿ ನೋಡಲೇಬೇಕು. ಕೆಲವು ಕುಟುಂಬ ರಾಣಿ ಇಲ್ಲ ಎಂದುಕೊಂಡು ಹೊಸ ರಾಣಿ ಕೋಣೆ ಕಟ್ಟಿರುತ್ತದೆ, ಕಿತ್ತು ಹಾಕಿ. ಮೊದಲ ವರ್ಷ ಇದನ್ನು ನೋಡದೆ 20ರಲ್ಲಿ ಎರಡು ರಾಣಿ ಕಳೆದುಕೊಂಡೆ. 24ನೇ ದಿನ ಸಂಜೆ ಪಂಜರ ತೆರೆದು, ಅದೇ ಹೊತ್ತಿಗೆ ಆಕ್ಸಾಲಿಕ್ ಪಾಕ. ಮಾರನೇ ಬೆಳಿಗ್ಗೆ, ಎಣ್ಣೆ ಸವರಿ ಅಡಿಗೆ ಜಾರಿಸಿದ್ದ ಬಿಳಿ ಹಾಳೆ ಎಳೆದರೆ ರಾಗಿ ಚೆಲ್ಲಿದ ಹಾಗೆ ಕಂಡಿತು. ಎಣ್ಣೆ ಯಾಕೆಂದರೆ ಇಲ್ಲದಿದ್ದರೆ ಬಿದ್ದ ನುಸಿಯನ್ನು ಇರುವೆ ಹೊತ್ತುಕೊಂಡು ಹೋಗಿರುತ್ತದೆ, ಹಾಳೆ ಚೊಕ್ಕ ಇದೆ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ.

ರಾಣಿ ಮತ್ತೆ ಮೊಟ್ಟೆ ಶುರು ಮಾಡುವಾಗ ಮೆಕ್ಕೆಜೋಳದ ಪರಾಗ ಬರುತ್ತದೆ. ಆಗ ಹುಟ್ಟುವ ಮರಿಗಳ ಮೇಲೆ ನುಸಿಯ ಹೊರೆ ಇರುವುದಿಲ್ಲ. ಸೂರ್ಯಕಾಂತಿಗೆ ದುಡಿಯುವುದು ಅವೇ.

ಇದರಿಂದ ಇನ್ನೊಂದು ಲಾಭವೂ ಆಯಿತು. ಬಯಲುಸೀಮೆಯ ನೀರಿನ ಟ್ಯಾಂಕುಗಳಿಗೆ ಹೆಜ್ಜೇನು ಕಟ್ಟುವುದು ಗೊತ್ತಲ್ಲ. ಹೆಜ್ಜೇನಿಗೆ ಬೇರೆಯೇ ನುಸಿ, ಟ್ರೊಪಿಲೇಲಾಪ್ಸ್. ಅದೂ ಮೆಲ್ಲಿಫೆರಾಕ್ಕೆ ದಾಟುತ್ತದೆ. ವರೋವಾಕ್ಕಿಂತ ಸಣ್ಣದು, ಉದ್ದನೆಯದು, ಎರಿಯ ಮೇಲೆ ಓಡುತ್ತದೆ. ಅದು ವರೋವಾಕ್ಕಿಂತ ಬೇಗ ಬೆಳೆಯುತ್ತದೆ, ಆದರೆ ಬಲಿತ ನೊಣದ ಮೈಯಿಂದ ಆಹಾರ ತೆಗೆಯಲಾರದು. ಮರಿ ಇಲ್ಲದಿದ್ದರೆ ಎರಡು ಮೂರು ದಿನದಲ್ಲಿ ಸಾಯುತ್ತದೆ. ಹೆಜ್ಜೇನು ವರ್ಷಕ್ಕೊಮ್ಮೆ ಹಳೆ ಎರಿ ಬಿಟ್ಟು ಗುಳೆ ಹೋಗುತ್ತದಲ್ಲ, ಅದರ ನುಸಿ ಅಲ್ಲೇ ಉಳಿದು ಒಣಗುತ್ತದೆ. ನನ್ನ ಪಂಜರ ಮಾಡಿದ್ದೂ ಅದೇ ಕೆಲಸ.

ಎಣಿಕೆ ಬಗ್ಗೆ ಒಂದು ಮಾತು. ಕಣ್ಣಿಗೆ ನುಸಿ ಕಾಣುತ್ತಿಲ್ಲ ಎಂದರೆ ಇಲ್ಲ ಎಂದಲ್ಲ. ಅರ್ಧ ಕಪ್ ನೊಣ, ಸುಮಾರು 300, ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ, ಎರಡು ಚಮಚ ಸಕ್ಕರೆ ಪುಡಿ ಹಾಕಿ, ಉರುಳಿಸಿ, ಬಿಳಿ ತಟ್ಟೆಗೆ ಅಲುಗಾಡಿಸಿ. ರಾಣಿ ಅದರಲ್ಲಿ ಇಲ್ಲ ಎಂದು ಮೊದಲೇ ನೋಡಿಕೊಳ್ಳಿ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಹಿಟ್ಟು ಬೆರೆತಿರುವುದುಂಟು, ನಾನು ಮಿಕ್ಸಿಯಲ್ಲೇ ಪುಡಿ ಮಾಡುತ್ತೇನೆ. ಜಾರ್ ತೊಳೆಯುವ ಜಗಳ ಬೇರೆ. 100 ನೊಣಕ್ಕೆ 3ಕ್ಕಿಂತ ಜಾಸ್ತಿ ಇದ್ದರೆ ತಡಮಾಡುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. ಸಕ್ಕರೆ ಪುಡಿ ತೇವ ಹೀರಿ ಮುದ್ದೆಯಾಗಿ, ನೊಣ ಅಂಟಿಕೊಂಡು ಸಾಯುತ್ತವೆ, ನುಸಿ ಉದುರುವುದಿಲ್ಲ. ಆಗ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಕುಲುಕಿ ಎಣಿಸುತ್ತೇನೆ. 300 ನೊಣ ಸಾಯುತ್ತವೆ, ಬೇಜಾರೇ. ಆದರೂ ಲೆಕ್ಕ ಸರಿಯಾಗಿ ಸಿಗುತ್ತದೆ.

ಫೆಬ್ರವರಿಯಲ್ಲಿ ಮೆಲ್ಲಿಫೆರಾವನ್ನು ಕಾಡಂಚಿಗೆ ತರುವಾಗ ತುಡುವೆಯಿಂದ ದೂರ, ಬೇರೆ ಊರಲ್ಲೇ ಇಡುತ್ತೇನೆ. ಎರಡಕ್ಕೂ ಒಂದೇ ಉಳಿ, ಒಂದೇ ಕೈಗವಸು ಬಳಸುವುದಿಲ್ಲ. ಗಂಡುಮರಿಯ ಎರಿ ಮುಚ್ಚಿದ ಕೂಡಲೇ ಕೊಯ್ದು ಹಳ್ಳದ ಮೀನಿಗೆ ಹಾಕುತ್ತೇನೆ, ನುಸಿಗೆ ಗಂಡುಮರಿ ಮೇಲೆ ಆಸೆ ಜಾಸ್ತಿ. ತುಡುವೆಗೆ ಈ ಯಾವ ಉಪಚಾರವೂ ಇಲ್ಲ. ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು, ಹಳೆ ಕಪ್ಪು ಎರಿ ತೆಗೆಯುವುದು, ಮೇಣದ ಹುಳು ಬರದಂತೆ ಖಾಲಿ ಎರಿ ಬಿಡದಿರುವುದು, ಅಷ್ಟೇ.

ಈ ಸಲ ಜುಲೈ 4ಕ್ಕೆ ಕೂಡಿಹಾಕಿದ್ದೇನೆ. ಇವತ್ತು 17ನೇ ದಿನ. ನಿನ್ನೆ ಹಾವೇರಿಗೆ ಹೋಗಿ ಬಂದೆ, ಬದುವಿನ ಮೆಕ್ಕೆಜೋಳ ಎದೆಮಟ್ಟ ಬಂದಿದೆ. 14ನೇ ಪೆಟ್ಟಿಗೆಯ ರಾಣಿ ಪಂಜರದ ಸಂದಿಯಲ್ಲಿ ಮೀಸೆ ಹೊರಗೆ ಚಾಚಿ ನಿಂತಿದ್ದಳು, ಎರಡು ನೊಣ ಅವಳಿಗೆ ಉಣಿಸುತ್ತಿದ್ದವು. ಆಕ್ಸಾಲಿಕ್ ತೂಗಿ ಪೊಟ್ಟಣ ಕಟ್ಟಿಟ್ಟಿದ್ದೇನೆ. ಮನೆಗೆ ಬಂದು ಅಂಗಳದ ತುಡುವೆ ನೋಡಿದರೆ, ಮಳೆ ಹೊಯ್ಯುತ್ತಿದೆ, ಬಾಗಿಲಲ್ಲಿ ಕಾವಲಿಗೆ ಮೂರೇ ನೊಣ.