ಕೆಂಪಲ್ಲ, ಕೆಂಪಿನ ಅಂಚು

"ಮೇಡಂ, ಚೀಲದ ಬಾಯಿಗೆ ಹುಣ್ಣಾಗೇತಂತ. ಬಿಟ್ರ ಕ್ಯಾನ್ಸರ್ ಆಗತೈತಂತ. ತೆಗಿಸಿಬಿಡ್ರಿ ಅಂದಾರ."

ಸ್ಕ್ಯಾನಿಂಗ್ ಫೈಲನ್ನು ಮೇಜಿನ ಮೇಲಿಟ್ಟ ಆಕೆಗೆ 32 ವರ್ಷ. ಜೊತೆಗೆ ಬಂದಿದ್ದ ಅತ್ತೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದರು. ಉತ್ತರ ಕರ್ನಾಟಕದ ತಾಲೂಕೊಂದರಲ್ಲಿ ಸ್ತ್ರೀರೋಗ ವೈದ್ಯೆಯಾಗಿರುವ ನನಗೆ ಈ ಮಾತು ಹೊಸದಲ್ಲ. ಚೀಲವೆಂದರೆ ಇಲ್ಲಿ ಗರ್ಭಕೋಶ, ಅದರ ಬಾಯಿಯೆಂದರೆ ಗರ್ಭಕೊರಳು.

ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸ್ಪೆಕ್ಯುಲಮ್ ಹಾಕಿ, ಲೋಳೆ ಒರೆಸಿ, 5% ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕೊರಳಿಗೆ ಒತ್ತಿ ಹಿಡಿದು ಒಂದು ನಿಮಿಷ ಕಾದೆ. (ಗಡಿಯಾರ ನೋಡಿಯೇ ಕಾಯಬೇಕು. ಶಿಬಿರದ ಗದ್ದಲದಲ್ಲಿ ಆ ನಿಮಿಷ ಹದಿನೈದು ಸೆಕೆಂಡಿಗೆ ಇಳಿದುಬಿಡುತ್ತದೆ.) ಬಾಯಿಯ ಸುತ್ತ ರೂಪಾಯಿ ನಾಣ್ಯದಷ್ಟಗಲ ಕೆಂಪು, ಹತ್ತಿರದಿಂದ ನೋಡಿದರೆ ಸಣ್ಣ ದ್ರಾಕ್ಷಿ ಗೊಂಚಲಿನಂಥ ಮೈ. ಅದರಾಚೆ ನುಣುಪಾದ ಗುಲಾಬಿ. ನಡುವೆ ಚೊಕ್ಕ ಗೆರೆ. ಕೋಶಗಳು ಕೆಡುತ್ತಿದ್ದರೆ ಆಮ್ಲಕ್ಕೆ ಮೂಡುವ ದಟ್ಟ ಬಿಳಿ ಮಚ್ಚೆ ಎಲ್ಲೂ ಇಲ್ಲ.

ಇದು ಹುಣ್ಣಲ್ಲ. ಗರ್ಭಕೊರಳಿನ ಒಳಗಾಲುವೆಗೆ ಒಂದೇ ಪದರದ ಉದ್ದನೆಯ ಕೋಶಗಳ ಹೊದಿಕೆ. ಕೆಳಗಿನ ರಕ್ತನಾಳ ಮಿಂಚುವುದರಿಂದ ಕೆಂಪಾಗಿ ಕಾಣುತ್ತದೆ. ಹೊರಮೈಗೆ ಹಲವು ಪದರದ ಚಪ್ಪಟೆ ಕೋಶಗಳು. ಹರೆಯದಲ್ಲಿ, ಬಸಿರಿನಲ್ಲಿ ಈಸ್ಟ್ರೋಜನ್ ಏರಿದಾಗ ಒಳಹೊದಿಕೆ ಹೊರಕ್ಕೆ ಮಗುಚಿಕೊಳ್ಳುತ್ತದೆ. ಆಕೆಗೆ ಹೇಳಿದೆ: "ತುಟಿ ನೋಡವಾ. ಹೊರಗ ಚರ್ಮ, ಒಳಗ ಕೆಂಪು. ಇದೂ ಹಂಗ." ಆಕೆ ಕ್ಷಣ ಸುಮ್ಮನಿದ್ದು, "ತುಟಿ ಕೆಂಪೈತಂತ ಯಾರರ ಕೊಯ್ಸ್ಕೋತಾರೇನ್ರಿ?" ಎಂದಳು.

ಹಾಗಾದರೆ ಕ್ಯಾನ್ಸರ್ ಹುಟ್ಟುವುದೆಲ್ಲಿ? ಎರಡು ಹೊದಿಕೆಗಳು ಕೂಡುವ ಆ ಗೆರೆಯ ಆಸುಪಾಸಿನಲ್ಲಿ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರ ತಂಡ 1983ರಲ್ಲಿ ಗರ್ಭಕೊರಳಿನ ಗಡ್ಡೆಯಲ್ಲಿ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) 16ನೇ ಬಗೆಯನ್ನು ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ವೈರಸ್ಸಿನ ಇ6 ಪ್ರೋಟೀನು ಕೋಶದ ಕಾವಲುಗಾರ ಪಿ53ನ್ನು ನಾಶಮಾಡುತ್ತದೆ, ಇ7 ಪ್ರೋಟೀನು ಇನ್ನೊಬ್ಬ ಕಾವಲುಗಾರ ಆರ್‌ಬಿಯನ್ನು ಕಟ್ಟಿಹಾಕುತ್ತದೆ ಎಂದು ಪರೀಕ್ಷೆಗೆ ಉರುಹೊಡೆದಿದ್ದೆ. ಆದರೆ ಒಂದು ಪ್ರಶ್ನೆ ಕಾಡುತ್ತಲೇ ಇತ್ತು. ಇದೇ ವೈರಸ್ ಯೋನಿಗೂ ತಗಲುತ್ತದೆ, ಅಲ್ಲಿ ಜಾಗವೂ ಹೆಚ್ಚು. ಆದರೂ ಯೋನಿಯ ಕ್ಯಾನ್ಸರ್ ಅಪರೂಪ, ಗರ್ಭಕೊರಳಿನದು ದಿನನಿತ್ಯದ್ದು. ಯಾಕೆ?

2012ರಲ್ಲಿ ಹಾರ್ವರ್ಡಿನ ಕ್ರಿಸ್ಟೋಫರ್ ಕ್ರಮ್ ಮತ್ತು ಸಂಗಡಿಗರು ಒಂದು ಉತ್ತರ ಕೊಟ್ಟರು: ಗೆರೆಯ ಮೇಲೆಯೇ ಕುಳಿತಿರುವ ಗಿಡ್ಡನೆಯ ಚೌಕ ಕೋಶಗಳ ಸಣ್ಣ ಗುಂಪು, ಭ್ರೂಣದ ಕಾಲದ ಉಳಿಕೆ. ಅವುಗಳ ಗುರುತಿನ ಪ್ರೋಟೀನುಗಳು ತೀವ್ರ ಹಂತದ ಪೂರ್ವಕ್ಯಾನ್ಸರಿನಲ್ಲೂ ಗಡ್ಡೆಯಲ್ಲೂ ಸಿಕ್ಕವು. ಗೆರೆಯ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಆ ಕೋಶಗಳು ಮರಳಿ ಹುಟ್ಟಿದಂತೆ ಕಾಣಲಿಲ್ಲ.

ನನಗಿದು ಮನಸ್ಸಿಗಿಳಿದದ್ದು ಪೆಥಾಲಜಿಸ್ಟ್ ಗೆಳತಿಯ ಸೂಕ್ಷ್ಮದರ್ಶಕದಲ್ಲಿ. ನಾನು ಲೀಪ್ ಎಂಬ ವಿದ್ಯುತ್ ತಂತಿಯಿಂದ ತೆಗೆದು ಕಳಿಸಿದ್ದ ತುಣುಕಿಗೆ, ಆ ಗುರುತಿನ ಪ್ರೋಟೀನುಗಳಲ್ಲೊಂದಾದ ಸೈಟೋಕೆರಾಟಿನ್ 7 ಇರುವಲ್ಲಿ ಮೂಡುವ ಬಣ್ಣವನ್ನು ಆಕೆ ಹಾಕಿದ್ದಳು. ಎಡಕ್ಕೆ ಇಟ್ಟಿಗೆ ಪೇರಿಸಿದಂತೆ ಚಪ್ಪಟೆ ಕೋಶಗಳು, ಬಣ್ಣವಿಲ್ಲ. ಅವು ಮುಗಿಯುವಲ್ಲಿ ಜೋಳದ ಕಾಳು ಸಾಲಾಗಿಟ್ಟಂತೆ ಒಂದೇ ಸಾಲು, ಕಂದು ಬಣ್ಣ. ಕೈಬೆರಳಿನಷ್ಟೂ ಅಲ್ಲ, ಕೂದಲೆಳೆಯ ಲೆಕ್ಕದ ಜಾಗ. ಬೇರೆಡೆ ವೈರಸ್ಸಿಗೆ ಗಾಯವೊಂದು ಬೇಕು, ಪದರಗಳನ್ನು ದಾಟಿ ತಳದ ಕೋಶ ಮುಟ್ಟಬೇಕು. ಇಲ್ಲಿ ಬಾಗಿಲೇ ತೆರೆದಿದೆ.

ಅಷ್ಟರಲ್ಲಿ ನನ್ನ ಕೈಯಲ್ಲೊಂದು ತಪ್ಪಾಗಿತ್ತು. ಶಿಬಿರಕ್ಕೆ ಬಂದಿದ್ದ 58ರ ಒಬ್ಬರಿಗೆ ಅಸಿಟಿಕ್ ಹಚ್ಚಿ ನೋಡಿ "ನೆಗೆಟಿವ್" ಎಂದು ಬರೆದೆ. ಗುಲಾಬಿ, ನುಣುಪು, ಎಲ್ಲ ಚೆನ್ನಾಗಿತ್ತು. ಗೆರೆ ಮಾತ್ರ ಕಂಡಿರಲಿಲ್ಲ. ಮುಟ್ಟು ನಿಂತ ಮೇಲೆ ಅದು ಕಾಲುವೆಯೊಳಕ್ಕೆ ಸರಿದುಹೋಗುತ್ತದೆ. ನಾನು ಖಾಲಿ ಅಂಗಳ ನೋಡಿ ಮನೆಯಲ್ಲಿ ಕಳ್ಳನಿಲ್ಲ ಎಂದಿದ್ದೆ. ವರ್ಷ ದಾಟುತ್ತಿದ್ದಂತೆ ರಕ್ತಸ್ರಾವವಾಗಿ ಬಂದರು. ಕಾಲುವೆಯೊಳಗೆ ಗಡ್ಡೆ ಇತ್ತು.

ಅಂದಿನಿಂದ ನನ್ನ ರಿಜಿಸ್ಟರಿನಲ್ಲಿ ಪಾಸಿಟಿವ್-ನೆಗೆಟಿವ್‌ಗಿಂತ ಮುಂಚೆ ಒಂದು ಅಂಕಣ: ಗೆರೆ ಪೂರ್ತಿ ಕಂಡಿತೇ, ಅರ್ಧವೇ, ಇಲ್ಲವೇ. ಪೂರ್ತಿ ಕಾಣದಿದ್ದರೆ ಶಾಖ ಕೊಟ್ಟು ಸುಡುವ ಚಿಕಿತ್ಸೆಗೂ ಕೈ ಹಾಕುವುದಿಲ್ಲ. ಕಾಣದವರಿಗೆ ಎಚ್‌ಪಿವಿ ಪರೀಕ್ಷೆ. ಅದಕ್ಕೆ ನನ್ನ ಕಣ್ಣಿನ ಹಂಗಿಲ್ಲ.

ಸೊಸೆ ಫೈಲು ಚೀಲಕ್ಕೆ ಸೇರಿಸಿ ಎದ್ದಳು. ಇನ್ನೂ ನೆಮ್ಮದಿಯಾಗದವಳಂತೆ, "ಗುಳಿಗಿನೂ ಬ್ಯಾಡೇನ್ರಿ?" ಎಂದಳು. ಬೇಡ ಎಂದೆ. ಬೆಂಚಿನಲ್ಲಿದ್ದ ಅತ್ತೆಯನ್ನು ಕರೆದು, ಮುಟ್ಟು ನಿಂತು ಎಷ್ಟು ವರ್ಷವಾಯಿತು, ಯಾವಾಗಲಾದರೂ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದೆ.

"ನನಗೇನಾಗೇತ್ರಿ? ಅಕಿನ್ನ ತೋರ್ಸಾಕ ಬಂದೇನಿ," ಎಂದರು. ನರ್ಸಿಗೆ ಎಚ್‌ಪಿವಿ ಪರೀಕ್ಷೆಯ ಹೊಸ ಬ್ರಷ್ ತೆಗೆಯಲು ಹೇಳಿದೆ.